ಪಾರ್ಸೆಲ್ ದಾರಿ ತಪ್ಪುವುದು ಎಲ್ಲಿ?

ಮಾನ್ಯರೇ,

ಆನ್‌ಲೈನ್‌ನಲ್ಲಿ ತರಿಸಿದ ಪಾರ್ಸೆಲ್ ಊರೂರು ಸುತ್ತಲು ಹಲವು ಸಲ ಪಿನ್‌ಕೋಡೇ ಕಾರಣ. ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆಯದು, ಕೊನೆಯ ಮೂರು ಬಟವಾಡೆ ಅಂಚೆ ಕಚೇರಿಯದು. 577 ಇರಬೇಕಾದಲ್ಲಿ 571 ಎಂದಾದರೆ ಶಿವಮೊಗ್ಗದ ಪೆಟ್ಟಿಗೆ ಮಂಡ್ಯದ ಕಡೆ ಹೊರಡುತ್ತದೆ. ಹೊಸಹಳ್ಳಿ, ರಾಮಪುರ ಎಂಬ ಊರುಗಳಂತೂ ಎಷ್ಟಿವೆ! ಹೋಬಳಿ, ತಾಲ್ಲೂಕು ಬರೆಯಲೇಬೇಕು. ಹಳೆ ಪೆಟ್ಟಿಗೆ ಮರುಬಳಸುವ ಮಾರಾಟಗಾರರು ಹಿಂದಿನ ಬಾರ್‌ಕೋಡ್ ಚೀಟಿ ಕಿತ್ತುಹಾಕದಿದ್ದರೆ ಸ್ಕ್ಯಾನರ್ ಅದನ್ನೇ ಓದಿಬಿಡುತ್ತದೆ.

ಬಾಗಿಲಿಗೇ ಬಾರದೆ ‘ಗ್ರಾಹಕರು ಸಿಗಲಿಲ್ಲ’ ಎಂದು ನಮೂದಿಸುವುದು ಮಾತ್ರ ಶುದ್ಧ ಅನ್ಯಾಯ. ಆ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಅಂದೇ ದೂರು ಕೊಡಿ. 2020ರ ಇ-ವಾಣಿಜ್ಯ ನಿಯಮಗಳಂತೆ 48 ಗಂಟೆಯೊಳಗೆ ದೂರು ಸ್ವೀಕೃತಿ, ತಿಂಗಳೊಳಗೆ ಪರಿಹಾರ ಸಿಗಬೇಕು. ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

– ಒಬ್ಬ ಗ್ರಾಹಕ, ಶಿವಮೊಗ್ಗ