ಲೆಕ್ಕದ ತಂತ್ರಾಂಶ ಅಳವಡಿಸುವ ಕ್ರಮದಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಅಡತಿ ಅಂಗಡಿಗಳ ಲೆಕ್ಕಕ್ಕಾಗಿ ನಾವು ಸಿದ್ಧಪಡಿಸಿರುವ ತಂತ್ರಾಂಶವನ್ನು ಬರುವ ಏಪ್ರಿಲ್ 1ರಿಂದ ವಾಟ್ಸಾಪ್‌ನಲ್ಲಾಗಲಿ ಪೆನ್‌ಡ್ರೈವ್‌ನಲ್ಲಾಗಲಿ ಕೊಡುವುದಿಲ್ಲ. ಅದು ನಮ್ಮ ಜಾಲತಾಣದಲ್ಲಿ ಮಾತ್ರ ದೊರೆಯುತ್ತದೆ. ವಿಂಡೋಸ್ ಆವೃತ್ತಿಗೆ ನಮ್ಮ ಡಿಜಿಟಲ್ ಸಹಿಯೂ, ಅಂದರೆ ಫೈಲನ್ನು ಹೊರತಂದವರು ನಾವೇ ಎಂದು ಕಂಪ್ಯೂಟರ್ ಪರೀಕ್ಷಿಸಬಲ್ಲ ಗುರುತೂ ಇರುತ್ತದೆ.

ಇದುವರೆಗೆ ನಮ್ಮ ಫೈಲನ್ನು ತೆರೆದಾಗ ನೀಲಿ ಚೌಕಟ್ಟೊಂದು ಬಂದು, ಇದನ್ನು ಹೊರತಂದವರು ಯಾರೆಂದು ಗೊತ್ತಿಲ್ಲವೆಂದು ವಿಂಡೋಸ್ ತಡೆಯುತ್ತಿತ್ತು. ತಾವು ಫೋನ್ ಮಾಡಿ ಕೇಳಿದಾಗ ‘ಮೋರ್ ಇನ್ಫೋ’, ಬಳಿಕ ‘ರನ್ ಎನಿವೇ’ ಒತ್ತಿರಿ, ಏನೂ ಆಗುವುದಿಲ್ಲ ಎಂದು ಹೇಳಿದವರು ನಾವೇ. ಕೆಲವೇ ಜನ ಬಳಸುವ, ಸಹಿ ಇಲ್ಲದ ತಂತ್ರಾಂಶಕ್ಕೆ ಈ ಎಚ್ಚರಿಕೆ ಬಂದರೆ ಅದರಲ್ಲಿ ವೈರಸ್ ಇದೆಯೆಂದು ಅರ್ಥವಲ್ಲ. ಇಲ್ಲವೆಂದೂ ಅರ್ಥವಲ್ಲ, ಈ ಎರಡನೆಯ ಮಾತನ್ನು ನಾವು ತಮಗೆ ಹೇಳಿರಲಿಲ್ಲ.

ಕಳೆದ ಹಂಗಾಮಿನಲ್ಲಿ ಮಹಾಲಿಂಗಪುರದ ಬೆಲ್ಲದ ಅಂಗಡಿಯೊಂದಕ್ಕೆ ನಮ್ಮ ತಂತ್ರಾಂಶದ ‘ಹೊಸ ಆವೃತ್ತಿ’ ಎಂದು ಯಾವುದೋ ನಂಬರಿನಿಂದ ಫೈಲ್ ಬಂದಿತ್ತು. ಗುಮಾಸ್ತರು ‘ಮೋರ್ ಇನ್ಫೋ’ ಒತ್ತಿಯೂ ಆಗಿತ್ತು. ಅಷ್ಟರಲ್ಲಿ ರೈತರೊಬ್ಬರು ಪಟ್ಟಿ ಕೇಳಲು ಬಂದಿದ್ದರಿಂದ ಮೌಸಿನ ಮೇಲಿನ ಕೈ ನಿಂತಿತು. ಆ ಫೈಲ್ ನಮ್ಮದಾಗಿರಲಿಲ್ಲ. ಅಂಗಡಿಯ ಉದ್ರಿ, ರೈತರ ಬಾಕಿ, ಹಮಾಲಿಯ ಲೆಕ್ಕವೆಲ್ಲ ಆ ಒಂದೇ ಕಂಪ್ಯೂಟರಿನಲ್ಲಿತ್ತು. ಗುಮಾಸ್ತರದು ತಪ್ಪಲ್ಲ, ಅವರು ನಾವು ಕಲಿಸಿದಂತೆಯೇ ನಡೆದಿದ್ದರು. ಅದಕ್ಕಾಗಿ ತಮ್ಮೆಲ್ಲರ ಕ್ಷಮೆ ಕೇಳುತ್ತೇವೆ.

ಸಹಿ ಮಾಡಿದ ಬಳಿಕ ಫೈಲಿನಲ್ಲಿ ಒಂದಕ್ಷರ ಬದಲಾದರೂ ಸಹಿ ತಾಳೆಯಾಗುವುದಿಲ್ಲ. 2023ರ ಜೂನ್ 1ರಿಂದ ಇರುವ ನಿಯಮದಂತೆ ಸಹಿಯ ಗುಪ್ತ ಕೀಲಿಯನ್ನು, ಅಂದರೆ ಸಹಿ ಹಾಕಲು ಬೇಕಾದ ರಹಸ್ಯ ಸಂಕೇತವನ್ನು, ಸಾಮಾನ್ಯ ಫೈಲಿನಂತೆ ಇಟ್ಟುಕೊಳ್ಳುವಂತಿಲ್ಲ. ನಮ್ಮದು ಪೆನ್‌ಡ್ರೈವ್‌ನಂತೆ ಕಾಣುವ, ಕೀಲಿಯನ್ನು ನಕಲು ಮಾಡಲು ಬಿಡದ ಯುಎಸ್‌ಬಿ ಟೋಕನ್‌ನಲ್ಲಿದ್ದು, ಕಚೇರಿಯ ತಿಜೋರಿಯಲ್ಲಿರುತ್ತದೆ. ಇದರ ಖರ್ಚನ್ನು ತಮ್ಮ ವಾರ್ಷಿಕ ಚಂದಾಕ್ಕೆ ಸೇರಿಸುವುದಿಲ್ಲ.

ಹಾಗಿದ್ದರೂ ನೀಲಿ ಚೌಕಟ್ಟು ಕೆಲವು ದಿನ ಬರಬಹುದು, ಏಕೆಂದರೆ ಹೊಸ ಫೈಲಿನ ಪರಿಚಯ ವಿಂಡೋಸ್‌ಗೆ ಆಗಲು ಸಮಯ ಬೇಕು. ಆಗ ‘ಮೋರ್ ಇನ್ಫೋ’ ಒತ್ತಿ, ‘ಪಬ್ಲಿಷರ್’ ಎಂಬಲ್ಲಿ ನಮ್ಮ ಸಂಸ್ಥೆಯ ಹೆಸರು ರಸೀದಿಯಲ್ಲಿರುವಂತೆಯೇ ಇದೆಯೇ ಎಂದು ಓದಿ ನೋಡಬೇಕು. ‘ಅನ್‌ನೋನ್ ಪಬ್ಲಿಷರ್’ ಎಂದಿದ್ದರೆ, ಸಂತೆಯ ದಿನದ ಎಷ್ಟೇ ಗಡಿಬಿಡಿ ಇದ್ದರೂ, ‘ಡೋಂಟ್ ರನ್’ ಒತ್ತಿ ನಮಗೆ ತಿಳಿಸಬೇಕು. ಆಂಟಿವೈರಸ್ ಬಂದ್ ಮಾಡಿರೆಂದು ನಮ್ಮ ಹೆಸರಿನಲ್ಲಿ ಯಾರು ಹೇಳಿದರೂ ಒಪ್ಪಬಾರದು.

ಮ್ಯಾಕ್ ಆವೃತ್ತಿಗೆ ಆಪಲ್‌ನ ಪರಿಶೀಲನೆ ಇನ್ನೂ ಆಗಿಲ್ಲ. ಮ್ಯಾಕ್‌ನ 2024ರ ಆವೃತ್ತಿಯಾದ ಸೀಕ್ವೋಯಾದಿಂದ ಇಂಥ ಫೈಲನ್ನು ಮೊದಲಿನಂತೆ ಕಂಟ್ರೋಲ್ ಕೀಲಿ ಒತ್ತಿ ಕ್ಲಿಕ್ ಮಾಡಿ ತೆರೆಯಲಾಗದು. ಸೆಟ್ಟಿಂಗ್ಸ್‌ನ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಗೆ ಹೋಗಿ ‘ಓಪನ್ ಎನಿವೇ’ ಕೊಡಬೇಕು. ಸದ್ಯಕ್ಕೆ ಅದನ್ನು ತಾವಾಗಿ ಮಾಡದೆ ನಮ್ಮನ್ನು ಕರೆಯಿರಿ, ನಮ್ಮ ಸಿಬ್ಬಂದಿಯೇ ಅಂಗಡಿಗೆ ಬಂದು, ಲೆಕ್ಕದ ಪ್ರತಿ ತೆಗೆದಿಟ್ಟು, ಅಳವಡಿಸಿಕೊಡುತ್ತಾರೆ.

ಸಂದೇಹವಿದ್ದರೆ ಚಂದಾ ರಸೀದಿಯ ಮೇಲಿರುವ ನಂಬರಿಗೇ ಫೋನ್ ಮಾಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ಸಂಸ್ಥೆಯ ಪಾಲುದಾರರು
ನವನಗರ, ಬಾಗಲಕೋಟೆ