2.92 ಮಿ.ಮೀ. ಕೇಬಲ್‌ಗಳ ಬದಲು ಎಸ್‌ಎಂಎ ಕೇಬಲ್ ಕೊಟ್ಟು, ಬದಲಿಸಿಕೊಡಲು ನಿರಾಕರಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕ ನಿರ್ದೇಶಕರು

ಮಾನ್ಯರೇ,

ನಮ್ಮ ಇಂಜಿನಿಯರಿಂಗ್ ಕಾಲೇಜಿನ ಮೈಕ್ರೋವೇವ್ ಪ್ರಯೋಗಾಲಯಕ್ಕೆ ನೀವು ಕಳುಹಿಸಿದ ಕೇಬಲ್‌ಗಳನ್ನು ಬದಲಿಸಿಕೊಡಲಾಗುವುದಿಲ್ಲ ಎಂಬ ನಿಮ್ಮ ಮಾರಾಟ ವಿಭಾಗದ ಇ-ಮೇಲ್ ತಲುಪಿದೆ. ಫೋನಿನಲ್ಲಿ ಸೌಜನ್ಯದಿಂದ ಕೇಳಿಕೊಂಡದ್ದು ಯಾವುದೂ ಫಲ ಕೊಡದ ಕಾರಣ, ಪ್ರಯೋಗಾಲಯದ ಉಸ್ತುವಾರಿ ಹೊತ್ತಿರುವ ನಾನು ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ನಮ್ಮ ಖರೀದಿ ಆದೇಶದಲ್ಲಿ ಎರಡೂ ತುದಿಗೆ 2.92 ಮಿ.ಮೀ. ಮೇಲ್ (ನಡುವೆ ಪಿನ್ ಇರುವ) ಕನೆಕ್ಟರ್, 50 ಓಮ್, 40 ಗಿಗಾಹರ್ಟ್ಸ್‌ವರೆಗೆ ಎಂದು ಸ್ಪಷ್ಟವಾಗಿ ಬರೆದಿತ್ತು. ಬಂದದ್ದು ಎಸ್‌ಎಂಎ, ಅಂದರೆ ಅಷ್ಟು ಎತ್ತರದ ಆವರ್ತನಕ್ಕಲ್ಲದ ಬೇರೊಂದು ಬಗೆಯ ಕನೆಕ್ಟರಿನ ಕೇಬಲ್. ಎರಡರ ಥ್ರೆಡ್ಡೂ ಒಂದೇ ಆದ್ದರಿಂದ ಒಂದಕ್ಕೊಂದು ಕೂರುತ್ತವೆ, ನಿಜ. ಆದರೆ ತುದಿಯನ್ನು ಬೆಳಕಿಗೆ ಹಿಡಿದರೆ ಎಸ್‌ಎಂಎಯಲ್ಲಿ ಪಿನ್ನಿನ ಸುತ್ತ ಬಿಳಿಯ ಟೆಫ್ಲಾನ್ ತುಂಬಿರುವುದು ಬರಿಗಣ್ಣಿಗೇ ಕಾಣುತ್ತದೆ, 2.92ರಲ್ಲಿ ಆ ಜಾಗ ಖಾಲಿಯಾಗಿರುತ್ತದೆ. ಸಾಮಾನ್ಯ ಎಸ್‌ಎಂಎಯ ಮಿತಿ 18 ಗಿಗಾಹರ್ಟ್ಸ್, ಉತ್ತಮ ತಯಾರಿಕೆಯದಾದರೆ 26.5. ನಮ್ಮ ವಿದ್ಯಾರ್ಥಿಗಳು ಅಳೆಯಬೇಕಾದದ್ದು 28 ಗಿಗಾಹರ್ಟ್ಸ್ ಆಂಟೆನಾಗಳನ್ನು. ಅಷ್ಟು ಮೇಲೆ ಹೋದಾಗ ಟೆಫ್ಲಾನ್ ತುಂಬಿದ ಕನೆಕ್ಟರಿನೊಳಗೆ ಬೇಡದ ಮೋಡ್‌ಗಳು (ತರಂಗ ಸಾಗುವ ಬೇರೆ ರೀತಿಗಳು) ಹುಟ್ಟುವುದರಿಂದ, ಅಳತೆಯಲ್ಲಿ ಕಂಡ ಏರಿಳಿತ ಆಂಟೆನಾದ್ದೋ ಕೇಬಲ್‌ನದ್ದೋ ಎಂದು ಹೇಳಲಾಗುವುದಿಲ್ಲ. ಇನ್ನೂ ದೊಡ್ಡ ಭಯ ಬೇರೆ ಇದೆ. 2.92ರಲ್ಲಿ ಹೊರಕವಚ ನೇರವಾಗಿ ಕೂತ ಮೇಲೆಯೇ ಪಿನ್ ಒಳಹೋಗುವಂತೆ ಪಿನ್ನನ್ನು ಗಿಡ್ಡ ಮಾಡಿರುತ್ತಾರೆ. ಪಿನ್ ಮುಂಚಾಚಿದ ಎಸ್‌ಎಂಎಯನ್ನು ತಿರುಗಿಸಿದರೆ ಅಳತೆಯ ಉಪಕರಣವನ್ನು ಸರಿಹೊಂದಿಸುವ ನಮ್ಮ ಕ್ಯಾಲಿಬ್ರೇಶನ್ ಕಿಟ್‌ನ ಫಿಮೇಲ್ (ಪಿನ್ ಒಳಹೋಗುವ) ಕನೆಕ್ಟರಿನ ಸೂಕ್ಷ್ಮ ಸೀಳುಗಳು ಅಗಲಿ ಶಾಶ್ವತವಾಗಿ ಕೆಡುತ್ತವೆ. ಅಂಥ ಕಿಟ್ ಮತ್ತೆ ಕೊಳ್ಳುವಷ್ಟು ಅನುದಾನ ನಮ್ಮ ಕಾಲೇಜಿನಲ್ಲಿಲ್ಲ.

ಇದನ್ನು ತೋರಿಸಲೆಂದೇ ಕೇಬಲ್ ಹಿಡಿದು, ಇಬ್ಬರು ವಿದ್ಯಾರ್ಥಿನಿಯರೊಂದಿಗೆ ನಿಮ್ಮ ಬೆಂಗಳೂರಿನ ಕಚೇರಿಗೆ ಬಂದಿದ್ದೆ. ಕೌಂಟರಿನಲ್ಲಿದ್ದ ನಿಮ್ಮ ಸಿಬ್ಬಂದಿ ಕೂರಲೂ ಹೇಳಲಿಲ್ಲ. ನಾನು ಟೆಫ್ಲಾನ್ ತೋರಿಸುತ್ತಿದ್ದಂತೆ, "ಮೇಡಂ, ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಟೆಕ್ನಿಕಲ್ ಗೊತ್ತಿರೋ ಸರ್ ಯಾರಾದ್ರೂ ಇದ್ರೆ ಫೋನ್ ಮಾಡಿ ಕೊಡಿ" ಎಂದರು. ಲ್ಯಾಬ್ ನನ್ನದೇ, ಆದೇಶದ ವಿವರಣೆ ಬರೆದವಳೂ ನಾನೇ ಎಂದೆ. ಅದಕ್ಕವರು ಮೇಜಿನ ಮೇಲಿದ್ದ ಅಡಾಪ್ಟರಿಗೆ ನಮ್ಮ ಕೇಬಲ್ ಹಚ್ಚಿ, ನಟ್ ಬದಲು ಕೇಬಲ್ಲನ್ನೇ ತಿರುಗಿಸಿ, ಬಳಿಕ ಡ್ರಾಯರಿನಿಂದ ಇಕ್ಕಳ ತೆಗೆದು ನಟ್ಟನ್ನು ಬಿಗಿದು, "ನೋಡಿ, ಕೂತ್ಕೊಳ್ತಲ್ಲ, ಇನ್ನೇನ್ ಬೇಕು?" ಎಂದು ವಿದ್ಯಾರ್ಥಿನಿಯರ ಕಡೆ ತಿರುಗಿ ನಕ್ಕರು. ಸುಮಾರು 0.9 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಸಾಕಾಗುವ ಕನೆಕ್ಟರಿಗೆ ಇಕ್ಕಳ ಹಾಕಬಾರದೆಂದು ಮೊದಲ ತರಗತಿಯಲ್ಲೇ ಕಲಿಸುವ ನಾನು, ಆ ಮಕ್ಕಳೆದುರು ತಲೆತಗ್ಗಿಸಿ ನಿಂತೆ.

ಈಗ ನಿಮ್ಮ ಇ-ಮೇಲ್ ಹೇಳುತ್ತದೆ: ನಟ್ಟಿನ ಮೇಲೆ ಇಕ್ಕಳದ ಹಲ್ಲಿನ ಗುರುತಿದೆ, ಗ್ರಾಹಕರೇ ಅಜಾಗರೂಕತೆಯಿಂದ ಬಳಸಿದ್ದಾರೆ, ಹೀಗಾಗಿ ವಾಪಸ್ ಇಲ್ಲ. ಆ ಗುರುತು ಬಿದ್ದದ್ದು ನಿಮ್ಮ ಕೌಂಟರಿನಲ್ಲಿ, ನಿಮ್ಮ ಇಕ್ಕಳದಿಂದ. ಉಳಿದ ಕೇಬಲ್‌ಗಳು ಮುಚ್ಚಳ ತೆಗೆದದ್ದು ಬಿಟ್ಟರೆ ಹಾಗೆಯೇ ಇವೆ. ಆದೇಶದ ವಿವರಣೆಗೆ ಹೊಂದದ ಸರಕನ್ನು ಸ್ವಂತ ಖರ್ಚಿನಲ್ಲಿ ಬದಲಿಸಿಕೊಡುವುದಾಗಿ ನಿಮ್ಮ ಇನ್‌ವಾಯ್ಸಿನ ಹಿಂಬದಿಯಲ್ಲಿ ನೀವೇ ಅಚ್ಚು ಹಾಕಿಸಿದ್ದೀರಿ. ಆ ನಿಯಮವನ್ನು ನಿಮಗೆ ನಾನು ಓದಿ ಹೇಳಬೇಕಾಗಿಲ್ಲ. ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕೆಂದು 1930ರ ಸರಕು ಮಾರಾಟ ಅಧಿನಿಯಮದ 15ನೇ ಕಲಮೂ ಹೇಳುತ್ತದೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಎಲ್ಲ ಕೇಬಲ್‌ಗಳನ್ನೂ ಹಿಂಪಡೆದು, 40 ಗಿಗಾಹರ್ಟ್ಸ್‌ವರೆಗಿನ ಪರೀಕ್ಷಾ ವರದಿಯೊಡನೆ ನಿಜವಾದ 2.92 ಕೇಬಲ್ ಕೊಡಿ, ಇಲ್ಲವೇ ಪೂರ್ತಿ ಹಣ ಹಿಂತಿರುಗಿಸಿ. ತಪ್ಪಿದಲ್ಲಿ ವಕೀಲರ ನೋಟಿಸ್ ಬರುತ್ತದೆ, ನಿಮ್ಮ ಸಂಸ್ಥೆಯಿಂದ ಮುಂದೆ ಏನನ್ನೂ ಕೊಳ್ಳಬಾರದೆಂಬ ನನ್ನ ಶಿಫಾರಸು ಖರೀದಿ ಸಮಿತಿಯ ಮುಂದೆ ಹೋಗುತ್ತದೆ, ಮತ್ತು ಕೇಬಲ್‌ನ ತುದಿಯ ಫೋಟೋ, ನಮ್ಮ ಆದೇಶ, ನಿಮ್ಮ ಇ-ಮೇಲ್ ಈ ಮೂರನ್ನೂ ಸೇರಿಸಿ ನನಗೆ ಪರಿಚಯವಿರುವ ಎಲ್ಲ ಕಾಲೇಜುಗಳ ಮೈಕ್ರೋವೇವ್ ಲ್ಯಾಬ್‌ಗಳಿಗೆ ಕಳುಹಿಸುತ್ತೇನೆ.

ಇತಿ,
ಮೈಕ್ರೋವೇವ್ ಪ್ರಯೋಗಾಲಯದ ಉಸ್ತುವಾರಿ ಪ್ರಾಧ್ಯಾಪಕಿ