‘ಏನೂ ಇಲ್ಲ’ ಎಂದರೆ ಸಾಲದು

ಮಾನ್ಯ ಸಂಪಾದಕರೆ,

ಎದೆ ಹಿಡಿದುಕೊಂಡು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರಿಗೆ ಇಸಿಜಿ ಮಾಡಿ, ರಕ್ತ ಪರೀಕ್ಷೆ ಮಾಡಿ, ಹೃದಯ ಸರಿಯಾಗಿದೆ ಎಂದು ಖಚಿತವಾದ ಮೇಲೆ ಹೇಳುವ ಮಾತೊಂದಿದೆ: ‘ನಿಮಗೆ ಏನೂ ಇಲ್ಲ, ಮನೆಗೆ ಹೋಗಿ ಆರಾಮವಾಗಿರಿ.’ ಸಮಾಧಾನಕ್ಕೆಂದೇ ಆಡುವ ಮಾತು ಅದು. ಆದರೆ ಅದು ಅಲ್ಲಿಗೇ ನಿಂತುಬಿಟ್ಟರೆ ಎಷ್ಟು ಕೇಡಾಗುತ್ತದೆ ಎಂಬುದನ್ನು ಎಂಟು ತಿಂಗಳು ಅನುಭವಿಸಿದ ನಾನು, ಈ ಹೊತ್ತಿಗೂ ವರದಿಗಳ ಫೈಲು ಹಿಡಿದು ಬೆಂಗಳೂರಿನ ಆಸ್ಪತ್ರೆಗಳನ್ನು ಸುತ್ತುತ್ತಿರುವ ನನ್ನಂಥವರಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ನನಗೆ 54 ವರ್ಷ. ಚಿಕ್ಕಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಜಯನಗರದಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಓಡಾಟ. ಕಳೆದ ವರ್ಷದ ಒಂದು ಬೆಳಿಗ್ಗೆ, ನ್ಯಾಷನಲ್ ಕಾಲೇಜು ನಿಲ್ದಾಣ ದಾಟಿ ರೈಲು ಸುರಂಗಕ್ಕೆ ಇಳಿಯುತ್ತಿದ್ದಂತೆ, ಯಾವ ಕಾರಣವೂ ಇಲ್ಲದೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಬೆರಳ ತುದಿಗಳು ಜುಮುಗುಟ್ಟಿದವು, ಬಾಯಿ ಒಣಗಿತು, ಅಂಗಿಯ ಬೆನ್ನು ಪೂರ್ತಿ ತೊಯ್ದುಹೋಯಿತು, ಎಷ್ಟು ಉಸಿರೆಳೆದರೂ ಸಾಲದೆನ್ನಿಸಿತು. ‘ಇಲ್ಲೇ, ಈ ಜನರ ನಡುವೆ ನನ್ನ ಪ್ರಾಣ ಹೋಗುತ್ತದೆ’ ಎಂದು ನನಗೆ ಖಚಿತವಾಗಿ ಅನ್ನಿಸಿತ್ತು. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ಕಂಬಕ್ಕೆ ಒರಗಿದ್ದವನಿಗೆ ಭದ್ರತಾ ಸಿಬ್ಬಂದಿಯ ಹೆಣ್ಣುಮಗಳೊಬ್ಬಳು ತನ್ನ ಬಾಟಲಿಯ ನೀರು ಕುಡಿಸಿ, ಮೇಲಿನವರೆಗೂ ಜೊತೆಗೆ ಬಂದು ಆಟೊ ಹತ್ತಿಸಿದಳು. ಆಸ್ಪತ್ರೆ ತಲುಪುವಷ್ಟರಲ್ಲಿ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಇಸಿಜಿ ಸರಿಯಿತ್ತು. ‘ಏನೂ ಇಲ್ಲ, ಗ್ಯಾಸ್ಟ್ರಿಕ್ ಇರಬಹುದು’ ಎಂದು ಮಾತ್ರೆ ಬರೆದುಕೊಟ್ಟು ಕಳುಹಿಸಿದರು.

ಏನೂ ಇಲ್ಲವೆಂದರೆ ಅವತ್ತು ಆದದ್ದೇನು? ಯಂತ್ರಕ್ಕೆ ಸಿಗದ ಯಾವುದೋ ಕಾಯಿಲೆ ಒಳಗಿರಬೇಕು, ಇಲ್ಲವೇ ನಾನೇ ನಾಟಕವಾಡುತ್ತಿರಬೇಕು. ಈ ಎರಡು ಯೋಚನೆಗಳ ನಡುವೆ ರಾತ್ರಿಗಳು ಕಳೆದವು. ಮತ್ತೆ ಹಾಗಾದರೆ ಎಂಬ ಭಯಕ್ಕೆ ಮೊದಲು ಮೆಟ್ರೊ ಬಿಟ್ಟೆ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಇಳಿದುಬಿಡುತ್ತಿದ್ದೆ. ಆಮೇಲೆ ಮದುವೆ ಮನೆ ಬಿಟ್ಟೆ, ಊಟದ ಹಾಲ್‌ನಲ್ಲಿ ಜನ ಹೆಚ್ಚೆಂದು. ಕೊನೆಗೆ ರಜೆಯ ಮೇಲೆ ರಜೆ ಹಾಕಿ ಮನೆಯಲ್ಲೇ ಕುಳಿತೆ. ಅಷ್ಟರಲ್ಲಿ ಇನ್ನೂ ಎರಡು ಸಲ ತುರ್ತು ವಿಭಾಗಕ್ಕೆ ಹೋಗಿದ್ದೆ, ಎರಡು ಸಲವೂ ಅದೇ ಉತ್ತರ. ಮನೆಯಲ್ಲಿ ಓಮದ ಕಷಾಯ ಕುಡಿಸಿದರು, ದೃಷ್ಟಿ ತೆಗೆದರು. ನಮ್ಮಣ್ಣ ಬಂದು, ‘ಗಂಡಸಾಗಿ ಇದೇನೋ? ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋ’ ಎಂದ. ಅವರಾರನ್ನೂ ನಾನು ದೂರುವುದಿಲ್ಲ; ಇದಕ್ಕೊಂದು ಹೆಸರಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ.

ಹೆಸರು ಹೇಳಿದವರು ನಮ್ಮ ಬಡಾವಣೆಯ ಸಣ್ಣ ಕ್ಲಿನಿಕ್ಕಿನ ವೈದ್ಯೆ. ಫೈಲು ಪೂರ್ತಿ ನೋಡಿ, ಥೈರಾಯ್ಡ್ ಹೆಚ್ಚಾದರೂ ಹೀಗೆ ಎದೆ ಹೊಡೆದುಕೊಳ್ಳುತ್ತದೆಂದು ಆ ಪರೀಕ್ಷೆಯನ್ನೂ ಮಾಡಿಸಿದ ಮೇಲೆ, ಅವರು ಒಂದೇ ಪ್ರಶ್ನೆ ಕೇಳಿದರು: ‘ಆ ಹೊತ್ತಿನಲ್ಲಿ ಸತ್ತೇ ಹೋಗುತ್ತೇನೆ ಅನ್ನಿಸುತ್ತಿತ್ತಾ?’ ಹೌದೆಂದಾಗ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಅಪಾಯ ಕಂಡಾಗ ಓಡಲೋ ಎದುರಿಸಲೋ ದೇಹವನ್ನು ಸಿದ್ಧಪಡಿಸುವ ಎಚ್ಚರಿಕೆಯ ಗಂಟೆಯೊಂದು ಮಿದುಳಿನಲ್ಲಿದೆ. ಅದು ಬಾರಿಸಿದೊಡನೆ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ, ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ವೇಗವಾಗುತ್ತದೆ. ಹಾಗೆ ಬೇಗಬೇಗ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗುವುದರಿಂದಲೇ ಬೆರಳು ಜುಮುಗುಟ್ಟುವುದು, ತಲೆ ಹಗುರವಾಗುವುದು. ಅಪಾಯವೇ ಇಲ್ಲದಾಗಲೂ ಈ ಗಂಟೆ ಬಾರಿಸಿಬಿಟ್ಟರೆ ಅದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುತ್ತತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ನನಗೆ ಆಗಿದ್ದೆಲ್ಲವೂ ಆ ಕಾಗದದಲ್ಲಿತ್ತು. ನಾನು ನಾಟಕವಾಡಿರಲಿಲ್ಲ ಎಂಬುದು ತಿಳಿದು ಅವರೆದುರಿಗೇ ಅತ್ತುಬಿಟ್ಟೆ.

ಅವರೇ ಮನೋವೈದ್ಯರ ಬಳಿ ಕಳುಹಿಸಿದರು. ಮಾತ್ರೆಯ ಬಗ್ಗೆ ನನಗಿದ್ದ ಹೆದರಿಕೆ ಹಲವರಿಗೆ ಇರುವುದರಿಂದ ಇಷ್ಟು ಹೇಳಬೇಕು. ನನಗೆ ಕೊಟ್ಟ ಬಗೆಯ ಮಾತ್ರೆ ಚಟ ಹಿಡಿಸುವಂಥದ್ದಲ್ಲ. ಅದರ ಗುಣ ಕಾಣಲು ಕೆಲವು ವಾರ ಬೇಕು, ವೈದ್ಯರನ್ನು ಕೇಳದೆ ಏಕಾಏಕಿ ನಿಲ್ಲಿಸಬಾರದು. ತಕ್ಷಣ ನಿರಾಳ ಕೊಡುವ ಬೇರೊಂದು ಬಗೆಯ ಮಾತ್ರೆ ಇದೆ. ಅದು ಅಭ್ಯಾಸವಾಗಿಬಿಡುವ ಅಪಾಯವಿರುವುದರಿಂದ ವೈದ್ಯರು ಸ್ವಲ್ಪ ದಿನಕ್ಕಷ್ಟೇ ಕೊಡುತ್ತಾರೆ. ಯಾರದೋ ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಕೊಂಡು ನುಂಗಬೇಕಾದ ವಸ್ತು ಅದಲ್ಲ.

ಆದರೆ ನನ್ನನ್ನು ಮತ್ತೆ ಚಿಕ್ಕಪೇಟೆಗೆ ತಲುಪಿಸಿದ್ದು ಮಾತ್ರೆಯೊಂದೇ ಅಲ್ಲ, ಆಪ್ತಸಮಾಲೋಚಕರು ಕೊಟ್ಟ ಹೋಮ್‌ವರ್ಕ್. ಭಯವಾದ ಜಾಗವನ್ನು ಬಿಟ್ಟು ಓಡಿದಷ್ಟೂ, ಓಡಿದ್ದರಿಂದಲೇ ಬದುಕಿದೆ ಎಂದು ಮಿದುಳು ಕಲಿಯುತ್ತದೆ. ಅಲ್ಲೇ ನಿಂತು ಭಯ ಇಳಿಯುವುದನ್ನು ಕಂಡಾಗ ಮಾತ್ರ ಆ ಪಾಠ ತಿದ್ದುತ್ತದೆ. ಮೊದಲ ವಾರ ಜಯನಗರದಿಂದ ಸೌತ್ ಎಂಡ್‌ಗೆ ಒಂದೇ ನಿಲ್ದಾಣ. ಆಮೇಲೆ ಲಾಲ್‌ಬಾಗ್, ನ್ಯಾಷನಲ್ ಕಾಲೇಜು. ಅಂಗೈಯಗಲದ ಪುಸ್ತಕದಲ್ಲಿ ಹತ್ತುವ ಮೊದಲು ಭಯ ಹತ್ತಕ್ಕೆ ಎಷ್ಟು, ಇಳಿದ ಮೇಲೆ ಎಷ್ಟು ಎಂದು ಬರೆಯಬೇಕಿತ್ತು. ಲೆಕ್ಕದವನಾದ ನನಗೆ ಅದು ಒಗ್ಗಿತು. ಸುರಂಗಕ್ಕೆ ಇಳಿದ ಮೊದಲ ದಿನ ‘9’ ಎಂದು ಬರೆದ ಕೈಬರಹ ಈಗಲೂ ಓದಲಾಗದಷ್ಟು ನಡುಗಿದೆ. ಅದೇ ಹಾಳೆಯ ಕೆಳಗೆ, ನಾಲ್ಕು ವಾರದ ಮೇಲೆ, ‘3’ ಎಂದಿದೆ. ಉಸಿರನ್ನು ಒಳಗೆಳೆಯುವುದಕ್ಕಿಂತ ನಿಧಾನವಾಗಿ ಹೊರಬಿಡುವ ಅಭ್ಯಾಸ, ಹೊತ್ತಿಗೆ ಸರಿಯಾದ ನಿದ್ದೆ, ಸಂಜೆಯ ನಡಿಗೆ, ದಿನಕ್ಕೆ ಐದು ಲೋಟ ಇದ್ದ ಫಿಲ್ಟರ್ ಕಾಫಿಯನ್ನು ಒಂದಕ್ಕೆ ಇಳಿಸಿದ್ದು, ಇವೂ ನೆರವಾದವು. ಇವನ್ನೆಲ್ಲ ಎಲ್ಲರೂ ಮಾಡಿದರೆ ಒಳ್ಳೆಯದೇ. ಆದರೆ ಕಾಯಿಲೆಯಾಗಿ ಬೇರೂರಿದ ಆತಂಕಕ್ಕೆ ‘ಯೋಗ ಮಾಡಿ, ಎಲ್ಲ ಸರಿಹೋಗುತ್ತೆ’ ಎಂಬಷ್ಟೇ ಸಲಹೆ ಕೊಟ್ಟು ಕಳುಹಿಸುವುದು ನ್ಯಾಯವಲ್ಲ. ಪರೀಕ್ಷೆ, ಸಾಲದ ಕಂತು, ಮಕ್ಕಳ ಮದುವೆ ಎಂದು ಚಿಂತೆ ಪಡದವರು ಯಾರಿದ್ದಾರೆ? ಆ ಚಿಂತೆ ಬಂದು ಹೋಗುತ್ತದೆ. ಹೋಗದೆ ತಿಂಗಳುಗಟ್ಟಲೆ ನಿಂತು, ನಿದ್ದೆ, ಕೆಲಸ, ಓಡಾಟಗಳನ್ನು ಕಿತ್ತುಕೊಂಡಾಗ ವೈದ್ಯರ ಬಳಿ ಹೋಗಲೇಬೇಕು.

ಹೋಗಲು ತಡೆಯುವುದೇನೆಂದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. 1974ರಲ್ಲಿ ಇಲ್ಲಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ರೂಪುಗೊಂಡ ನಿಮ್ಹಾನ್ಸ್‌ಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಅದೇ ಊರಿನ ನಾವು ‘ನಿನ್ನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂಬುದನ್ನು ಬೈಗುಳ ಮಾಡಿಕೊಂಡಿದ್ದೇವೆ. ಆ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10ಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕೆಂದು ಹೇಳುತ್ತದೆ. ಕಾನೂನು ಬದಲಾಗಿದೆ, ಮನೆಯ ಪಡಸಾಲೆ ಬದಲಾಗಿಲ್ಲ. ಈ ಪತ್ರಕ್ಕೆ ಹೆಸರು ಹಾಕಬೇಡಿ ಎಂದು ನನ್ನ ಮನೆಯವರು ಕೇಳಿಕೊಂಡಿದ್ದಾರೆ, ಏಕೆಂದರೆ ಮಗಳಿಗೆ ಗಂಡು ನೋಡುತ್ತಿದ್ದೇವೆ. ಸಕ್ಕರೆ ಕಾಯಿಲೆಯ ಬಗ್ಗೆ ಬರೆದಿದ್ದರೆ ಅವರು ಹಾಗೆ ಕೇಳುತ್ತಿರಲಿಲ್ಲ. ಅವರ ಮಾತಿಗೆ ಒಪ್ಪಿದ್ದೇನೆ, ನೋವಿನಿಂದ.

ಎದೆನೋವು ಬಂದಾಗ ಮೊದಲು ಹೃದಯವನ್ನೇ ಪರೀಕ್ಷಿಸಬೇಕು. ಆತಂಕವಿರಬಹುದೆಂದು ಯಾರೂ ಮನೆಯಲ್ಲಿ ಕುಳಿತು ತೀರ್ಮಾನಿಸಬಾರದು. ನನ್ನ ಕೋರಿಕೆ ಪರೀಕ್ಷೆಯ ನಂತರದ ಎರಡು ನಿಮಿಷದ ಬಗ್ಗೆ. ‘ಹೃದಯ ಚೆನ್ನಾಗಿದೆ. ನಿಮಗಾದದ್ದು ನಿಜ, ಅದು ಆತಂಕದಿಂದಲೂ ಆಗಿರಬಹುದು, ಇಂಥಲ್ಲಿ ತೋರಿಸಿ’ ಎಂದು ಹೇಳಿ, ಕನ್ನಡದಲ್ಲಿ ಅಚ್ಚಾದ ಒಂದು ಚೀಟಿ ಕೊಡಲು ನಗರದ ಎಲ್ಲ ಆಸ್ಪತ್ರೆಗಳಿಗೂ ಆರೋಗ್ಯ ಇಲಾಖೆ ಸೂಚಿಸಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗಳನ್ನು ಗುರುತಿಸುವಂತೆ ಮಾಡಲಾಯಿತು, ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಬಳ್ಳಾರಿಯ ಹಳ್ಳಿಗಳಲ್ಲಿ ಅಂದು ಸಾಧ್ಯವಾದದ್ದು ರಾಜಧಾನಿಯ ತುರ್ತು ವಿಭಾಗಗಳಲ್ಲಿ ಇಂದು ಏಕೆ ಸಾಧ್ಯವಿಲ್ಲ?

ತಮ್ಮಲ್ಲಿಯೂ ಒಂದು ಕೋರಿಕೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ನನ್ನ ಎಂಟು ತಿಂಗಳಲ್ಲಿ ಆ ಸಂಖ್ಯೆ ಒಮ್ಮೆಯೂ ನನ್ನ ಕಣ್ಣಿಗೆ ಬೀಳಲಿಲ್ಲ, ದಿನಾ ತಪ್ಪದೆ ಪತ್ರಿಕೆ ಓದುತ್ತಿದ್ದರೂ. ವಿದ್ಯುತ್ ವ್ಯತ್ಯಯದ ಪ್ರಕಟಣೆ ಬರುವ ಪುಟದಲ್ಲಿ ಅದನ್ನು ಪ್ರತಿದಿನ ಅಚ್ಚು ಹಾಕಿ. ಒಂದು ಸಾಲಿನ ಜಾಗ ಸಾಕು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ
ಜಯನಗರ, ಬೆಂಗಳೂರು